ಅದಬ್ ಇರುವ ಪ್ರಶ್ನೆಗೆ ಟಿ.ವಿ.ಯಲ್ಲಿ ಜಾಗವಿದೆಯೇ?

ಹೊಸಪೇಟೆಯ ಚಿತ್ತವಾಡ್ಗಿಯಂತಹ ಬಡಾವಣೆಯಲ್ಲಿ ರಾತ್ರಿಯ ಊಟದ ಹೊತ್ತಿಗೆ ಯಾವ ಓಣಿಯನ್ನು ಹೊಕ್ಕರೂ ಕಿವಿಗೆ ಬೀಳುವ ಧ್ವನಿ ಒಂದೇ- ಟಿ.ವಿ.ಯದ್ದು. ಮನೆಯೊಳಗೆ ಉರ್ದು ಮಾತಾಡುವವರಿದ್ದಾರೆ, ಕನ್ನಡ ಮಾತಾಡುವವರಿದ್ದಾರೆ, ತೆಲುಗು ಬಲ್ಲವರೂ ಇದ್ದಾರೆ. ಆದರೆ ಈ ಪೆಟ್ಟಿಗೆಯ ಮುಂದೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ. ಅದರೊಳಗಿನಿಂದ ಒಬ್ಬ ವ್ಯಕ್ತಿ ಪ್ರತಿದಿನ ಅಥವಾ ಪ್ರತಿವಾರ ನಮ್ಮ ನಡುಮನೆಗೆ ಬರುತ್ತಾನೆ. ಅವನು ಬಾಗಿಲು ತಟ್ಟುವುದಿಲ್ಲ, ಸಲಾಮ್ ಹೇಳಿ ಅನುಮತಿ ಕೇಳುವುದಿಲ್ಲ. ಬಂದು ಕುಳಿತು ಒಬ್ಬರನ್ನು ಮಾತಾಡಿಸುತ್ತಾನೆ, ಇನ್ನೊಬ್ಬರ ಬಾಯಿ ಮುಚ್ಚಿಸುತ್ತಾನೆ. ನಾವು ಅವನನ್ನು ನಿರೂಪಕ ಎಂದು ಕರೆಯುತ್ತೇವೆ.

ಹಿರಿಯರ ಮುಂದೆ ಹೇಗೆ ಕುಳಿತುಕೊಳ್ಳಬೇಕು, ಇನ್ನೊಬ್ಬರ ಮಾತನ್ನು ಎಷ್ಟು ಹೊತ್ತು ಕೇಳಬೇಕು, ಒಪ್ಪದ ಮಾತಿಗೆ ಹೇಗೆ ಉತ್ತರಿಸಬೇಕು ಎಂಬುದನ್ನು ಒಂದು ಕಾಲದಲ್ಲಿ ಮಕ್ಕಳು ಮನೆಯ ಹಿರಿಯರಿಂದ ಕಲಿಯುತ್ತಿದ್ದರು. ಇವತ್ತು ಅದರಲ್ಲಿ ದೊಡ್ಡ ಪಾಲನ್ನು ಈ ನಿರೂಪಕನೇ ಕಲಿಸುತ್ತಿದ್ದಾನೆ. ಹಾಗಿರುವಾಗ, ಒಬ್ಬ ಟಿ.ವಿ. ನಿರೂಪಕನ ಬದುಕು ಮತ್ತು ವೃತ್ತಿಯನ್ನು ಸಿನಿಮಾ ಪುಟದ ಸುದ್ದಿಯೆಂದು ಬದಿಗೆ ಸರಿಸುವುದು ಸರಿಯೇ?

ರಮೇಶ್ ಅರವಿಂದ್ ಅವರನ್ನೇ ತೆಗೆದುಕೊಳ್ಳಿ. 1964ರ ಸೆಪ್ಟೆಂಬರ್ 10ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಜನಿಸಿದ ಅವರ ಮನೆಮಾತು ತಮಿಳು. ಓದಿದ್ದು ಇಂಜಿನಿಯರಿಂಗ್. ಹೆಸರಾಂತ ನಿರ್ದೇಶಕ ಕೆ. ಬಾಲಚಂದರ್ ಅವರ ಕೈಯಲ್ಲಿ 1986ರ ‘ಸುಂದರ ಸ್ವಪ್ನಗಳು’ ಚಿತ್ರದ ಮೂಲಕ ಕನ್ನಡ ತೆರೆಗೆ ಬಂದರು. ಮರುವರ್ಷ ತಮಿಳಿನಲ್ಲಿ, 1988ರಲ್ಲಿ ‘ರುದ್ರವೀಣಾ’ದ ಮೂಲಕ ತೆಲುಗಿನಲ್ಲಿ ಕಾಣಿಸಿಕೊಂಡರು. ‘ಅಮೃತವರ್ಷಿಣಿ’, ‘ಹೂಮಳೆ’, ‘ಆಪ್ತಮಿತ್ರ’ದಂತಹ ಚಿತ್ರಗಳಲ್ಲಿ ಜನ ಅವರನ್ನು ಮೆಚ್ಚಿದರು. 2005ರಲ್ಲಿ ‘ರಾಮ ಶಾಮ ಭಾಮ’ದ ಮೂಲಕ ನಿರ್ದೇಶಕರೂ ಆದರು. 2017ರ ಆರಂಭದಲ್ಲಿ ತೆರೆಕಂಡ ‘ಪುಷ್ಪಕ ವಿಮಾನ’ ಅವರ ನೂರನೆಯ ಚಿತ್ರ.

ಮೂವತ್ತು ವರ್ಷಗಳಲ್ಲಿ ನೂರು ಚಿತ್ರಗಳು ಸಣ್ಣ ಸಾಧನೆಯಲ್ಲ. ಆದರೂ ಈ ಹೊತ್ತು ಸಿನಿಮಾ ಮಂದಿರಕ್ಕೆ ಕಾಲಿಡದ ಮನೆಗಳ ಹೆಂಗಸರು ಮತ್ತು ಮುದುಕರೂ ಅವರನ್ನು ಗುರುತಿಸುವುದು ನಟನಾಗಿ ಅಲ್ಲ. 2014ರ ಆಗಸ್ಟ್‌ನಲ್ಲಿ ಝೀ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಅವರಿಗೆ ಈ ಗುರುತನ್ನು ಕೊಟ್ಟಿತು. 2023ರವರೆಗೆ ಅದರ ಐದು ಆವೃತ್ತಿಗಳು ಪ್ರಸಾರವಾದವು. ಸಾಧಕರೊಬ್ಬರನ್ನು ಕೆಂಪು ಕುರ್ಚಿಯಲ್ಲಿ ಕೂರಿಸುವುದು, ಅವರ ಬಾಲ್ಯದ ಮನೆ, ಓದಿದ ಶಾಲೆ, ಮರೆತುಹೋದ ಮೇಷ್ಟರು, ಕಷ್ಟದ ದಿನಗಳಲ್ಲಿ ಅನ್ನ ಕೊಟ್ಟವರು- ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಅವರ ಮುಂದೆ ತಂದು ನಿಲ್ಲಿಸುವುದು. ಕಾರ್ಯಕ್ರಮ ಇಷ್ಟೇ. ಅದರ ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅತ್ತ ಊರುಗಳಲ್ಲಿ ಹೊಸಪೇಟೆಯೂ ಒಂದು. ಮರುವರ್ಷವೇ ಅಲ್ಲಿ ಅವರ ಪುತ್ಥಳಿ ಎದ್ದು ನಿಂತಿತು. ಒಬ್ಬ ನಟನನ್ನು ಮನೆಮಗನೆಂದು ಭಾವಿಸುವ ಈ ಬಗೆಯ ನಂಟಿಗೆ ಸಿನಿಮಾದಷ್ಟೇ ಟಿ.ವಿ.ಯ ಮಾತುಕತೆಗಳೂ ಕಾರಣ ಎಂಬುದನ್ನು ಮರೆಯುವಂತಿಲ್ಲ.

ಈ ಮಾದರಿ ಕನ್ನಡದ್ದೇನೂ ಅಲ್ಲ. ಅಮೆರಿಕದಲ್ಲಿ ರಾಲ್ಫ್ ಎಡ್ವರ್ಡ್ಸ್ ಎಂಬವರು 1948ರಲ್ಲಿ ರೇಡಿಯೋಗಾಗಿ ಹುಟ್ಟುಹಾಕಿ 1952ರಲ್ಲಿ ಟಿ.ವಿ.ಗೆ ತಂದ ‘ದಿಸ್ ಈಸ್ ಯುವರ್ ಲೈಫ್’ ಕಾರ್ಯಕ್ರಮವೂ ಹೀಗೆಯೇ ಇತ್ತು. ನಮ್ಮ ದೇಶದಲ್ಲಿ ಈ ಬಗೆಯನ್ನು ಮನೆಮಾತಾಗಿಸಿದ್ದು ಹಿಂದಿಯ ಝೀ ಟಿ.ವಿ. ವಾಹಿನಿಯ ‘ಜೀನಾ ಇಸೀ ಕಾ ನಾಮ್ ಹೈ’. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದನ್ನು ನಡೆಸಿಕೊಟ್ಟವರು ನಟ ಫಾರೂಕ್ ಶೇಖ್. ಅವರ ಬಗ್ಗೆ ನಮ್ಮ ಹೊಸ ತಲೆಮಾರು ಸ್ವಲ್ಪ ಹೆಚ್ಚೇ ತಿಳಿದಿರಬೇಕು.

1948ರಲ್ಲಿ ಗುಜರಾತ್‌ನಲ್ಲಿ ಜನಿಸಿದ ಫಾರೂಕ್ ಶೇಖ್ ವಕೀಲರ ಮಗ. ತಾವೂ ಕಾನೂನು ಓದಿದವರು. ವಿಭಜನೆಯ ಬಳಿಕ ಆಗ್ರಾದ ಮುಸ್ಲಿಮ್ ಕುಟುಂಬವೊಂದು ಅನುಭವಿಸಿದ ಸಂಕಟವನ್ನು ಹೇಳುವ 1973ರ ‘ಗರಂ ಹವಾ’ ಅವರ ಮೊದಲ ಚಿತ್ರ. ಅದರ ನಿರ್ದೇಶಕ ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಆ ಚಿತ್ರಕ್ಕೆ ಅವರಿಗೆ ಸಿಕ್ಕ ಸಂಭಾವನೆ 750 ರೂಪಾಯಿ. ಬಳಿಕ ‘ಉಮ್ರಾವ್ ಜಾನ್’, ‘ಚಶ್ಮೆ ಬದ್ದೂರ್’, ‘ಬಾಜಾರ್’ ಬಂದವು. 1992ರಿಂದ ಅನೇಕ ವರ್ಷ ಶಬಾನಾ ಆಜ್ಮಿ ಅವರೊಂದಿಗೆ ‘ತುಮ್ಹಾರಿ ಅಮೃತಾ’ ಎಂಬ ನಾಟಕ ಆಡಿದರು. ‘ಲಾಹೋರ್’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಬಂತು. 2013ರ ಡಿಸೆಂಬರ್‌ನಲ್ಲಿ ದುಬೈಯಲ್ಲಿ ನಿಧನರಾದರು.

ಅವರ ನಿಧನದ ನಂತರ ಪತ್ರಿಕೆಗಳಲ್ಲಿ ಒಂದು ಸಂಗತಿ ಪ್ರಕಟವಾಯಿತು. 2008ರ ನವೆಂಬರ್‌ನಲ್ಲಿ ಮುಂಬೈಯ ತಾಜ್ ಹೋಟೆಲಿನ ಮೇಲೆ ನಡೆದ ಭಯೋತ್ಪಾದಕ ದಾಳಿಯಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರು ಮೃತಪಟ್ಟಿದ್ದರು. ಅವರ ಮಕ್ಕಳ ಶಿಕ್ಷಣದ ಖರ್ಚನ್ನು ಫಾರೂಕ್ ಶೇಖ್ ತಮ್ಮ ಹೆಸರು ಹೊರಗೆ ಬಾರದಂತೆ ಭರಿಸುತ್ತಿದ್ದರು. ಆ ಕುಟುಂಬ ಮುಸ್ಲಿಮ್ ಕುಟುಂಬವಾಗಿರಲಿಲ್ಲ. ಸಾವಿರಾರು ಜನರ ಮುಂದೆ ಇನ್ನೊಬ್ಬರ ಒಳ್ಳೆಯತನವನ್ನು ಬಗೆದು ತೋರಿಸುತ್ತಿದ್ದ ನಿರೂಪಕ, ತನ್ನ ಒಳ್ಳೆಯತನವನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ.

ಪರದೆಯ ಮೇಲೂ ಅವರದು ಅದೇ ರೀತಿ. ಎದುರಿಗಿರುವವರು ಎಷ್ಟೇ ದೊಡ್ಡ ತಾರೆಯಾಗಿರಲಿ, ಫಾರೂಕ್ ಶೇಖ್ ಮೆತ್ತಗಿನ ಉರ್ದು ಮಿಶ್ರಿತ ಹಿಂದಿಯಲ್ಲಿ, ಸಣ್ಣದೊಂದು ತುಂಟತನದೊಂದಿಗೆ ಕೇಳುತ್ತಿದ್ದರು. ಕೇಳಿ ಸುಮ್ಮನಾಗುತ್ತಿದ್ದರು. ಮಾತು ಅತಿಥಿಯದಾಗುತ್ತಿತ್ತು. ಕನ್ನಡದಲ್ಲಿ ರಮೇಶ್ ಅರವಿಂದ್ ಅದನ್ನೇ ಮಾಡಿದರು. ಅತಿಥಿ ಗದ್ಗದಿತರಾದಾಗ ಅವರು ಮುಂದಿನ ಪ್ರಶ್ನೆಗೆ ಅವಸರಿಸುವುದಿಲ್ಲ. ಅತಿಥಿಯ ಊರಿನ ಮುದುಕಿಯೊಬ್ಬಳು ವೇದಿಕೆಗೆ ಬಂದರೆ ಎದ್ದು ನಿಂತು ಕೈ ಹಿಡಿದು ಕರೆತರುತ್ತಾರೆ. ಒಬ್ಬರು ಗುಜರಾತಿನ ಮುಸ್ಲಿಮ್, ಇನ್ನೊಬ್ಬರು ತಮಿಳು ಮನೆಮಾತಿನ ಹಿಂದೂ. ಭಾಷೆ ಬೇರೆ, ನೆಲ ಬೇರೆ, ಧರ್ಮ ಬೇರೆ. ಆದರೆ ಇಬ್ಬರಲ್ಲೂ ಇದ್ದದ್ದು ನಮ್ಮ ಹಿರಿಯರು ಅದಬ್ ಎಂದು ಕರೆಯುತ್ತಿದ್ದ ಗುಣ. ಎದುರಿಗಿರುವವರ ಮಾನ ನನ್ನ ಕೈಯಲ್ಲಿದೆ, ಅದು ನನಗೆ ಒಪ್ಪಿಸಲಾದ ಅಮಾನತ್ ಎಂಬ ಎಚ್ಚರ.

ಇಷ್ಟು ಹೇಳಿ ಹೊಗಳಿ ಮುಗಿಸಬಹುದಿತ್ತು. ಆದರೆ ಪ್ರಶ್ನೆ ಆರಂಭವಾಗುವುದೇ ಇಲ್ಲಿಂದ. ಈ ಅದಬ್ ಯಾರಿಗೆ ಸಲ್ಲುತ್ತಿದೆ?

ಆ ಕೆಂಪು ಕುರ್ಚಿಯಲ್ಲಿ ಕುಳಿತವರ ಪಟ್ಟಿಯನ್ನೊಮ್ಮೆ ನೋಡಿ. ಹೆಚ್ಚಿನವರು ಚಿತ್ರರಂಗದವರು. ನಡುನಡುವೆ ವೈದ್ಯರು, ಅಧಿಕಾರಿಗಳು, ಉದ್ಯಮಿಗಳು. 2019ರಲ್ಲಿ ನಾರಾಯಣಮೂರ್ತಿ ಮತ್ತು ಸುಧಾ ಮೂರ್ತಿ ದಂಪತಿ ಕುಳಿತರು. ರಾಜಕಾರಣಿಗಳೂ ಇದ್ದಾರೆ. 2017ರಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಕುರ್ಚಿಯಲ್ಲಿ ಕುಳಿತಾಗ ವಿಧಾನಸಭಾ ಚುನಾವಣೆಗೆ ಒಂದು ವರ್ಷವೂ ಉಳಿದಿರಲಿಲ್ಲ. 2023ರಲ್ಲಿ ಡಿ.ಕೆ. ಶಿವಕುಮಾರ್ ಕುಳಿತಾಗ ಅವರು ಉಪಮುಖ್ಯಮಂತ್ರಿಯಾಗಿ ಹೆಚ್ಚು ದಿನವಾಗಿರಲಿಲ್ಲ. ಇವರಿಬ್ಬರ ಬದುಕಿನಲ್ಲಿಯೂ ಕಲಿಯಬೇಕಾದ ಪಾಠಗಳಿರಬಹುದು, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಅಧಿಕಾರದಲ್ಲಿರುವವರೊಬ್ಬರು ಗಂಟೆಗಟ್ಟಲೆ ಲಕ್ಷಾಂತರ ಮನೆಗಳ ಮುಂದೆ ಕುಳಿತಿರುವಾಗ ಅವರ ಬಾಲ್ಯದ ಗೆಳೆಯರ ನೆನಪುಗಳು ಮಾತ್ರ ಸಾಕೇ? ಆಡಳಿತದ ಬಗ್ಗೆ, ಕೊಟ್ಟ ಮಾತಿನ ಬಗ್ಗೆ ಒಂದಾದರೂ ಕಠಿಣ ಪ್ರಶ್ನೆ ಬೇಡವೇ? ಅದು ಆ ಕಾರ್ಯಕ್ರಮದ ಸ್ವಭಾವವಲ್ಲ ಎಂದು ವಾದಿಸಬಹುದು. ನಿಜ. ಹಾಗಾದರೆ ಕಠಿಣ ಪ್ರಶ್ನೆಗಳಿಗೆಂದೇ ಇರುವ ಕಾರ್ಯಕ್ರಮಗಳು ಯಾರನ್ನು ಪ್ರಶ್ನಿಸುತ್ತಿವೆ?

ಇದಕ್ಕೆ ಉತ್ತರ ಹುಡುಕಲು ನಾವು 2020ರ ಏಪ್ರಿಲ್‌ಗೆ ಮರಳಬೇಕು. ಲಾಕ್‌ಡೌನ್‌ನಿಂದಾಗಿ ಇಡೀ ದೇಶ ಮನೆಯೊಳಗೆ ಟಿ.ವಿ.ಯ ಮುಂದೆ ಕುಳಿತಿದ್ದ ಆ ದಿನಗಳಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನ ಹೆಸರಿನಲ್ಲಿ ನಿರೂಪಕರು ಇಡೀ ಸಮುದಾಯವನ್ನು ಕಟಕಟೆಗೆ ತಂದರು. ರೋಗಕ್ಕೆ ಧರ್ಮವನ್ನು ಅಂಟಿಸಿದರು. ತಳ್ಳುಗಾಡಿಯಲ್ಲಿ ಹಣ್ಣು-ತರಕಾರಿ ಮಾರುವವರ ಹೆಸರು ಕೇಳಿ ವಾಪಸು ಕಳಿಸಿದ ಘಟನೆಗಳು ದೇಶದ ಹಲವೆಡೆಗಳಿಂದ ವರದಿಯಾದವು. ಯಾರೂ ಮುಸ್ಲಿಮರ ವಿರುದ್ಧ ಮಾತಾಡಬಾರದು ಎಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿತು. ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತು ಎಂದು ಅದು ಅಭಿಪ್ರಾಯಪಟ್ಟಿತು, ಮಾಧ್ಯಮಗಳ ಅಪಪ್ರಚಾರವನ್ನೂ ಟೀಕಿಸಿತು. ತೀರ್ಪು ಬರುವಷ್ಟರಲ್ಲಿ ಬಡ ವ್ಯಾಪಾರಿಯ ಗಾಡಿಯಲ್ಲಿದ್ದ ಹಣ್ಣು ಕೊಳೆತುಹೋಗಿತ್ತು. ಅದನ್ನು ಯಾವ ತೀರ್ಪು ಮರಳಿಸೀತು?

ಆ ಚರ್ಚೆಗಳಲ್ಲಿ ನಿರೂಪಕ ಮಾಡುತ್ತಿದ್ದುದೇನು? ಗಡ್ಡ ಬಿಟ್ಟ, ಟೊಪ್ಪಿ ಧರಿಸಿದ ಒಬ್ಬರನ್ನು ಪರದೆಯ ಒಂದು ಮೂಲೆಯಲ್ಲಿ ಕೂರಿಸಿ, ಅವರು ಒಂದು ವಾಕ್ಯ ಮುಗಿಸುವ ಮೊದಲೇ ಹತ್ತು ಪ್ರಶ್ನೆ ಎಸೆಯುವುದು. ಉತ್ತರ ಆರಂಭವಾದೊಡನೆ ಧ್ವನಿ ತಗ್ಗಿಸಿಬಿಡುವುದು. 2022ರ ಹಿಜಾಬ್ ವಿವಾದದ ಸಂದರ್ಭದಲ್ಲಿಯೂ ಇದೇ ಮರುಕಳಿಸಿತು. ಕಾಲೇಜಿನ ಗೇಟಿನ ಬಳಿ ನಿಂತಿದ್ದ ಹದಿಹರೆಯದ ಹೆಣ್ಮಕ್ಕಳ ಹಿಂದೆ ಕ್ಯಾಮರಾ ಹಿಡಿದು ಓಡಿದ್ದನ್ನು ಇಡೀ ರಾಜ್ಯ ನೋಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದ್ವೇಷ ಭಾಷಣದ ಕುರಿತಾದ ಅರ್ಜಿಗಳನ್ನು ಆಲಿಸುತ್ತಾ ಸುಪ್ರೀಮ್ ಕೋರ್ಟ್ ಟಿ.ವಿ. ನಿರೂಪಕರ ಹೊಣೆಗಾರಿಕೆಯನ್ನು ನೆನಪಿಸಿತು. ಚರ್ಚೆಯಲ್ಲಿ ಯಾರಾದರೂ ದ್ವೇಷ ಕಾರಲು ಹೊರಟರೆ ಅಲ್ಲಿಯೇ ತಡೆಯುವುದು ನಿರೂಪಕನ ಕರ್ತವ್ಯ ಎಂಬುದು ಅದರ ಆಶಯವಾಗಿತ್ತು.

ಈಗ ಎರಡನ್ನೂ ಜೊತೆಗಿಟ್ಟು ನೋಡಿ. ಒಂದು ಕಡೆ, ವಿನಯವೇ ಮೂರ್ತಿವೆತ್ತಂತಹ ನಿರೂಪಕನಿದ್ದಾನೆ. ಆದರೆ ಅವನ ವಿನಯ ಸಲ್ಲುವುದು ಗೆದ್ದವರಿಗೆ ಮತ್ತು ಅಧಿಕಾರದಲ್ಲಿರುವವರಿಗೆ. ಅಲ್ಲಿ ಕಠಿಣ ಪ್ರಶ್ನೆಗಳಿಲ್ಲ. ಇನ್ನೊಂದು ಕಡೆ, ಪ್ರಶ್ನೆಗಳ ಮಳೆಗರೆಯುವ ನಿರೂಪಕನಿದ್ದಾನೆ. ಆದರೆ ಅವನ ಪ್ರಶ್ನೆಗಳು ಎರಗುವುದು ಉತ್ತರಿಸುವ ಶಕ್ತಿ ಇಲ್ಲದವರ ಮೇಲೆ- ತರಕಾರಿ ಮಾರುವವನ ಮೇಲೆ, ಕಾಲೇಜು ಹುಡುಗಿಯ ಮೇಲೆ. ಅಲ್ಲಿ ಅದಬ್ ಇಲ್ಲ. ಅಧಿಕಾರಸ್ಥನನ್ನು ಅದಬ್‌ನಿಂದಲೇ ಕೂರಿಸಿ ಕಠಿಣ ಪ್ರಶ್ನೆ ಕೇಳುವ, ಬಡವನನ್ನೂ ಅದೇ ಅದಬ್‌ನಿಂದ ಕೂರಿಸಿ ಅವನ ಕತೆ ಕೇಳುವ ನಿರೂಪಕ ಎಲ್ಲಿ? ನಮ್ಮ ಮಾಧ್ಯಮದ ಇವತ್ತಿನ ಬಡತನ ಇದುವೇ.

ಅಂತಹವರು ಇಲ್ಲವೇ ಇಲ್ಲ ಎಂದಲ್ಲ. ಇದ್ದರು, ಇದ್ದಾರೆ. ಆದರೆ ಅವರು ತೆತ್ತ ಬೆಲೆ ದೊಡ್ಡದು. ಅಮೆರಿಕದ ಫಿಲ್ ಡೊನಾಹ್ಯೂ 1967ರಲ್ಲಿ ಓಹಿಯೋ ರಾಜ್ಯದ ಡೇಟನ್ ಎಂಬ ನಗರದಲ್ಲಿ ತಮ್ಮ ಕಾರ್ಯಕ್ರಮ ಆರಂಭಿಸಿದರು. ವೇದಿಕೆಯಿಂದಿಳಿದು ಸಭಿಕರ ಸಾಲಿಗೆ ಮೈಕು ಕೊಂಡೊಯ್ದು, ಮನೆವಾರ್ತೆ ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಂದಲೂ ಪ್ರಶ್ನೆ ಕೇಳಿಸಿದರು. ಮುಂದೆ ಜಗದ್ವಿಖ್ಯಾತರಾದ ಓಪ್ರಾ ವಿನ್‌ಫ್ರೇ ಅವರಿಗೆ ದಾರಿ ಮಾಡಿಕೊಟ್ಟದ್ದು ಈ ಮಾದರಿಯೇ. ಶೀತಲ ಸಮರದ ಕಾಲದಲ್ಲಿ, 1985ರ ಕೊನೆಯಲ್ಲಿ, ರಷ್ಯಾದ ಪತ್ರಕರ್ತ ವ್ಲಾದಿಮಿರ್ ಪೋಝ್ನರ್ ಜೊತೆಗೂಡಿ ಎರಡೂ ದೇಶಗಳ ಸಾಮಾನ್ಯ ಜನರನ್ನು ಉಪಗ್ರಹದ ಮೂಲಕ ಎದುರುಬದುರು ಕೂರಿಸಿ ಮಾತಾಡಿಸಿದವರೂ ಅವರೇ. 2003ರ ಫೆಬ್ರವರಿಯಲ್ಲಿ, ಇರಾಕ್ ಮೇಲಿನ ದಾಳಿಗೆ ಕೆಲವೇ ವಾರಗಳಿರುವಾಗ, ಎಂಎಸ್‌ಎನ್‌ಬಿಸಿ ವಾಹಿನಿ ಅವರ ಕಾರ್ಯಕ್ರಮವನ್ನು ನಿಲ್ಲಿಸಿತು. ಆಗ ಅದು ಆ ವಾಹಿನಿಯಲ್ಲಿ ಅತಿ ಹೆಚ್ಚು ಜನ ನೋಡುತ್ತಿದ್ದ ಕಾರ್ಯಕ್ರಮವಾಗಿತ್ತು. ಯುದ್ಧದ ಹೊತ್ತಿನಲ್ಲಿ ಇಂತಹ ಮುಖ ವಾಹಿನಿಗೆ ತೊಂದರೆ ಎಂಬರ್ಥದ ಆಂತರಿಕ ಟಿಪ್ಪಣಿ ನಂತರ ಹೊರಬಿತ್ತು. ಯುದ್ಧ ಬೇಡ ಎನ್ನುವವರಿಗೂ ಕುರ್ಚಿ ಕೊಟ್ಟದ್ದು ಅವರ ಅಪರಾಧವಾಗಿತ್ತು. 2024ರ ಮೇ ತಿಂಗಳಲ್ಲಿ ಅಮೆರಿಕ ಅವರಿಗೆ ತನ್ನ ಅತ್ಯುನ್ನತ ನಾಗರಿಕ ಗೌರವ ನೀಡಿತು. ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ನಮ್ಮಲ್ಲಿ ರವೀಶ್ ಕುಮಾರ್ ಇದ್ದಾರೆ. ಎನ್‌ಡಿಟಿವಿಯ ಹಿಂದಿ ವಾಹಿನಿಯಲ್ಲಿ ಅವರ ‘ಪ್ರೈಮ್ ಟೈಮ್’ ನಿರುದ್ಯೋಗಿಗಳ, ವಿದ್ಯಾರ್ಥಿಗಳ, ರೈತರ ಮಾತನ್ನು ತಗ್ಗಿದ ಧ್ವನಿಯಲ್ಲಿಯೇ ದೇಶದ ಮುಂದಿಟ್ಟಿತು. 2016ರ ಫೆಬ್ರವರಿಯಲ್ಲಿ ಒಂದು ರಾತ್ರಿ ಅವರು ಪರದೆಯನ್ನೇ ಕತ್ತಲಾಗಿಸಿ, ಬೇರೆ ಬೇರೆ ವಾಹಿನಿಗಳ ಕಿರುಚಾಟವನ್ನಷ್ಟೇ ಜನರಿಗೆ ಕೇಳಿಸಿದ್ದರು. 2019ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2022ರ ನವೆಂಬರ್ ಕೊನೆಯಲ್ಲಿ, ವಾಹಿನಿಯ ಒಡೆತನ ಅದಾನಿ ಸಮೂಹದತ್ತ ಹೊರಳುತ್ತಿದ್ದಾಗ ಅವರು ರಾಜೀನಾಮೆ ನೀಡಿ ಹೊರಬಂದರು. ಯಾವ ನಿರೂಪಕ ನಮ್ಮ ಮನೆಗೆ ಬರಬೇಕು, ಯಾರು ಬರಬಾರದು ಎಂಬುದನ್ನು ಕೊನೆಗೂ ನಿರ್ಧರಿಸುವುದು ವಾಹಿನಿಯ ಒಡೆಯರು, ಜಾಹೀರಾತುದಾರರು ಮತ್ತು ಟಿಆರ್‌ಪಿ. ಆದರೆ ಟಿಆರ್‌ಪಿ ಎಂದರೆ ಯಾರು? ರಿಮೋಟ್ ಹಿಡಿದಿರುವ ನಾವೇ ಅಲ್ಲವೇ?

ಆದ್ದರಿಂದ ಇನ್ನು ನಮ್ಮ ಬಗ್ಗೆ ಮಾತಾಡೋಣ. ಮಾಧ್ಯಮ ನಮ್ಮನ್ನು ತಪ್ಪಾಗಿ ತೋರಿಸುತ್ತಿದೆ ಎಂದು ಸಭೆ-ಸಮಾರಂಭಗಳಲ್ಲಿ, ಮಸೀದಿಯ ಅಂಗಳದಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ನಾವು ವರ್ಷಗಳಿಂದ ದೂರುತ್ತಿದ್ದೇವೆ. ಆ ದೂರಿನಲ್ಲಿ ಹುರುಳಿದೆ. ಆದರೆ ದೂರಿದ ಬಳಿಕ ಏನು ಮಾಡಿದ್ದೇವೆ? ರಾತ್ರಿ ಮನೆಗೆ ಮರಳಿ ಅದೇ ಕಿರುಚಾಟದ ಚರ್ಚೆಯನ್ನು ಕಡೆಯವರೆಗೂ ನೋಡಿ, ರಕ್ತದೊತ್ತಡ ಏರಿಸಿಕೊಂಡು ಮಲಗುತ್ತೇವೆ. ಬೆಳಗ್ಗೆ ಅದರ ತುಣುಕನ್ನು ನೂರು ಮಂದಿಗೆ ಕಳಿಸುತ್ತೇವೆ. ದ್ವೇಷದ ಕಾರ್ಯಕ್ರಮಕ್ಕೆ ವೀಕ್ಷಕರನ್ನು ಒದಗಿಸುವವರಲ್ಲಿ ಅದರಿಂದ ನೊಂದವರೂ ಇದ್ದಾರೆ ಎಂಬುದು ಕಹಿಯಾದರೂ ಸತ್ಯ.

ಮಾಡಬಹುದಾದ ಕೆಲಸಗಳು ಇವೆ. ಮೊದಲನೆಯದು, ಆಕ್ರೋಶವನ್ನು ಅರ್ಜಿಯಾಗಿಸುವುದು. 2020ರ ತಬ್ಲೀಗ್ ಪ್ರಸಾರಗಳ ವಿರುದ್ಧ ಬೆಂಗಳೂರಿನ ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ನಾಗರಿಕರ ಗುಂಪು ಬೀದಿಗಿಳಿದು ಘೋಷಣೆ ಕೂಗಲಿಲ್ಲ. ಕಾರ್ಯಕ್ರಮಗಳನ್ನು ಗುರುತಿಸಿ, ಯಾವ ಮಾತು ಯಾವ ನಿಯಮಕ್ಕೆ ವಿರುದ್ಧ ಎಂದು ಬರೆದು, ಸುದ್ದಿ ವಾಹಿನಿಗಳೇ ರೂಪಿಸಿಕೊಂಡಿರುವ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಸಲ್ಲಿಸಿತು. ಪರಿಣಾಮವಾಗಿ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಬಿತ್ತು. ವಾಹಿನಿಗಳ ಸಂಪತ್ತಿಗೆ ಹೋಲಿಸಿದರೆ ಈ ಮೊತ್ತ ಏನೂ ಅಲ್ಲ, ನಿಜ. ಆದರೆ ಅದು ತಪ್ಪು ಎಂದು ದಾಖಲೆಯಾಯಿತು. ಅದೇ ತಿಂಗಳು ಕೇಂದ್ರ ಸರಕಾರ ಕೇಬಲ್ ಟಿ.ವಿ. ನಿಯಮಗಳಿಗೆ ತಿದ್ದುಪಡಿ ತಂದು ದೂರಿಗೆ ಮೂರು ಹಂತಗಳನ್ನು ಗೊತ್ತುಪಡಿಸಿತು. ಮೊದಲು ವಾಹಿನಿಗೇ ಬರೆಯಬೇಕು. ದೂರು ತಲುಪಿದ 24 ಗಂಟೆಯೊಳಗೆ ಅದು ಸ್ವೀಕೃತಿ ನೀಡಬೇಕು, 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ತೃಪ್ತಿಯಾಗದಿದ್ದರೆ ಮತ್ತೆ 15 ದಿನಗಳೊಳಗೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಅದರ ನಂತರ ಕೇಂದ್ರ ಸರಕಾರದ ಮೇಲುಸ್ತುವಾರಿ ವ್ಯವಸ್ಥೆ. ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ, ಆಡಿದ ಮಾತು- ಇಷ್ಟು ಬರೆದಿಟ್ಟುಕೊಳ್ಳಲು ಪದವಿ ಬೇಕಿಲ್ಲ. ಪ್ರತಿ ಮೊಹಲ್ಲಾದಲ್ಲಿ ಕನ್ನಡ ಚೆನ್ನಾಗಿ ಬರೆಯಬಲ್ಲ ಇಬ್ಬರು ಯುವಕ-ಯುವತಿಯರು ಸಾಕು.

ಎರಡನೆಯದು, ಮೈಕು ಹಿಡಿಯುವವರನ್ನು ಬೆಳೆಸುವುದು. ರಮೇಶ್ ಅರವಿಂದ್ ಅವರ ಬದುಕಿನಲ್ಲಿ ಮನೆಯಲ್ಲಿ ಉರ್ದು ಮಾತಾಡುವ ನಮ್ಮ ಮಕ್ಕಳಿಗೊಂದು ಪಾಠವಿದೆ. ಮನೆಮಾತು ಬೇರೆಯಾದ ವ್ಯಕ್ತಿಯೊಬ್ಬರು ಕನ್ನಡವನ್ನು ಶ್ರದ್ಧೆಯಿಂದ ಒಲಿಸಿಕೊಂಡು ಕೋಟ್ಯಂತರ ಕನ್ನಡಿಗರ ನಡುಮನೆಯವರಾದರು. ಕನ್ನಡ ತಮ್ಮ ಭಾಷೆಯಲ್ಲ ಎಂದು ಅವರು ಭಾವಿಸಿದ್ದರೆ ಅದು ಸಾಧ್ಯವಾಗುತ್ತಿತ್ತೇ? ನಮ್ಮ ಮನೆಗಳಲ್ಲಿ ಬುದ್ಧಿವಂತ ಮಗನಿಗೆ ಇಂಜಿನಿಯರಿಂಗ್, ಬುದ್ಧಿವಂತ ಮಗಳಿಗೆ ಬಿ.ಎಡ್., ಉಳಿದವರಿಗೆ ಗಲ್ಫ್ ಅಥವಾ ಗ್ಯಾರೇಜು ಎಂಬ ಲೆಕ್ಕಾಚಾರವಿದೆ. ಪತ್ರಿಕೋದ್ಯಮ ಓದುತ್ತೇನೆ ಎಂದು ಮಗಳು ಹೇಳಿದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಸುದ್ದಿಮನೆಯಲ್ಲಿ ನಮ್ಮವರು ಇಲ್ಲ ಎಂಬ ದೂರಿಗೂ ಈ ಮೌನಕ್ಕೂ ನಂಟಿಲ್ಲವೇ? ವಾಸ್ತವದಲ್ಲಿ, ಕೇಳುವ ಮತ್ತು ಪರಿಶೀಲಿಸುವ ಪರಂಪರೆ ನಮಗೆ ಹೊಸದಲ್ಲ. ಹದೀಸ್ ಸಂಗ್ರಾಹಕರು ಒಂದೇ ಒಂದು ಮಾತಿನ ಸತ್ಯಾಸತ್ಯತೆಗಾಗಿ ಊರೂರು ಅಲೆದವರು. ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಹೇಳಿದವರು ನಂಬಿಕಸ್ಥರೇ ಎಂದು ವಿಚಾರಿಸಿದವರು. ಒಬ್ಬ ಒಳ್ಳೆಯ ಸಂದರ್ಶಕನಿಗೆ ಬೇಕಾದ ಶಿಸ್ತು ಇದಕ್ಕಿಂತ ಬೇರೆ ಯಾವುದು?

ಮೂರನೆಯದು, ಎಲ್ಲಕ್ಕಿಂತ ಸುಲಭದ್ದು ಮತ್ತು ನಾವು ಎಲ್ಲಕ್ಕಿಂತ ಹೆಚ್ಚು ಮರೆತದ್ದು. ಸಾಧಕರ ಕುರ್ಚಿ ಟಿ.ವಿ.ಯಲ್ಲಿ ಮಾತ್ರ ಇರಬೇಕೆಂದು ಯಾರು ಹೇಳಿದರು? ಚಿತ್ತವಾಡ್ಗಿಯ ಓಣಿಗಳನ್ನೇ ನೋಡಿ. ಪಕ್ಕದ ತುಂಗಭದ್ರಾ ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಆ ಕಲ್ಲುಕಟ್ಟಡ ಏರುವುದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ. ಅವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆಯ ಸೈರನ್‌ಗೆ ಎದ್ದು ದುಡಿದವರು, ಕಬ್ಬಿನ ಗದ್ದೆಯಲ್ಲಿ ಕೈ ಕೊಯ್ದುಕೊಂಡವರು, ಸಂಡೂರಿನ ಅದಿರು ಹೊತ್ತು ರಾತ್ರಿಯಿಡೀ ಲಾರಿ ಓಡಿಸಿದವರು, 2011ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಗಣಿಗಾರಿಕೆಗೆ ತಡೆ ನೀಡಿದಾಗ ನಿಂತ ಲಾರಿಯ ಕಂತು ಕಟ್ಟಲಾಗದೆ ತತ್ತರಿಸಿದವರು, ಆ ದಿನಗಳಲ್ಲಿ ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸಿದ ತಾಯಂದಿರು- ಇವರ ಬದುಕು ಯಾವ ತಾರೆಯ ಬದುಕಿಗಿಂತ ಕಡಿಮೆ? ರಮೇಶ್ ಅರವಿಂದ್ ಅವರ ಕುರ್ಚಿಗೆ ಇವರು ತಲುಪುವುದು ಕಷ್ಟ. ಆದರೆ ಇವರ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆಯಲ್ಲ? ವಾರಕ್ಕೊಂದು ಸಂಜೆ ಟಿ.ವಿ. ಆರಿಸಿ, ದಾದಿಯನ್ನೋ ನಾನಾರನ್ನೋ ನಡುಮನೆಯಲ್ಲಿ ಕೂರಿಸಿ, ‘ನಿಮ್ಮ ಮದುವೆಯ ಕಾಲಕ್ಕೆ ಈ ಊರು ಹೇಗಿತ್ತು, ನೆರೆಯ ಹಿಂದೂ ಮನೆಯವರೊಂದಿಗೆ ಹೇಗಿದ್ದಿರಿ, ಮಳೆ ಬಾರದ ವರ್ಷ ಏನು ಉಂಡಿರಿ’ ಎಂದು ಕೇಳಿ, ಆ ಉತ್ತರವನ್ನು ಧ್ವನಿಮುದ್ರಿಸಿಕೊಳ್ಳಲು ಯಾವ ವಾಹಿನಿಯ ಅನುಮತಿ ಬೇಕು?

ಇದರಿಂದ ಎರಡು ಲಾಭಗಳಿವೆ. ಈ ನೆಲದಲ್ಲಿ ನಮ್ಮ ಬೇರು ಎಲ್ಲಿದೆ ಎಂಬುದಕ್ಕೆ ಸಾಕ್ಷ್ಯ ನಮ್ಮ ಕೈಯಲ್ಲಿಯೇ ಉಳಿಯುತ್ತದೆ. ನಾಳೆ ಯಾವುದೋ ನಿರೂಪಕ ‘ನೀವು ಯಾರು, ಎಲ್ಲಿಂದ ಬಂದಿರಿ’ ಎಂದು ಅಬ್ಬರಿಸಿದಾಗ ಉತ್ತರಿಸಲು ನಮ್ಮ ಮಕ್ಕಳು ತಡವರಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರಶ್ನೆ ಕೇಳಿ ಸುಮ್ಮನಿರುವ, ಉತ್ತರಕ್ಕೆ ಕಾಯುವ, ಎದುರಿಗಿರುವವರ ಕಣ್ಣೀರನ್ನು ಗೌರವಿಸುವ ಗುಣ ಆ ಮಕ್ಕಳಿಗೆ ಮನೆಯಲ್ಲಿಯೇ ಸಿದ್ಧಿಸುತ್ತದೆ. ಫಾರೂಕ್ ಶೇಖ್ ಮತ್ತು ರಮೇಶ್ ಅರವಿಂದ್ ಅವರಿಂದ ಪಡೆಯಬೇಕಾದದ್ದು ಆ ಗುಣ. ಅದರ ಜೊತೆಗೆ, ಅಧಿಕಾರದ ಮುಂದೆ ತಲೆ ತಗ್ಗಿಸದೆ ಕೇಳುವ ಡೊನಾಹ್ಯೂ ಮತ್ತು ರವೀಶ್ ಅವರ ಧೈರ್ಯವೂ ಸೇರಿದರೆ ಈ ಓಣಿಗಳಿಂದಲೇ ಒಬ್ಬ ಒಳ್ಳೆಯ ನಿರೂಪಕಿಯೋ ನಿರೂಪಕನೋ ಎದ್ದು ಬರಲಾರರೇ?

ನಮ್ಮ ಮನೆಗೆ ಬರುವ ಅತಿಥಿಯ ನಡತೆ ಸರಿಯಿಲ್ಲದಿದ್ದರೆ ಮರುದಿನ ಅವನಿಗೆ ಬಾಗಿಲು ತೆರೆಯಲು ಹಿಂದೆಮುಂದೆ ನೋಡುತ್ತೇವೆ. ಟಿ.ವಿ.ಯೊಳಗಿನಿಂದ ಬರುವ ಅತಿಥಿಗೂ ಅದೇ ನಿಯಮ ಅನ್ವಯವಾಗಬೇಡವೇ? ಇವತ್ತು ರಾತ್ರಿ ರಿಮೋಟ್ ಕೈಗೆತ್ತಿಕೊಳ್ಳುವಾಗ ಪ್ರತಿ ಮನೆಯ ಯಜಮಾನನೂ ಯಜಮಾನತಿಯೂ ಆಲೋಚಿಸಬೇಕಾದ ವಿಷಯವಿದು.